ಐದು ಸಾಲಿನ ಜಾಗ

ಪುಟದಲ್ಲಿ ಇನ್ನೂ ಐದು ಸಾಲಿಗೆ ಜಾಗವಿತ್ತು. ಜಾಗವಿರಲಿಲ್ಲ ಎಂದು ಸಖಾರಾಮ ಯಾರಿಗೂ ಸುಳ್ಳು ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ತನಗೆ ತಾನೇ ಹೇಳಿಕೊಂಡಿದ್ದ, ಮೂರು ವರ್ಷದಿಂದ, ದಿನಕ್ಕೊಮ್ಮೆಯಾದರೂ. ಕೊಲ್ಲಾಪುರದ ಸ್ಟ್ಯಾಂಡಿನಲ್ಲಿ ಗಡಹಿಂಗ್ಲಜದ ಎಸ್ಟಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗಲೂ ಅದೇ ಪುಟ ಕಣ್ಣ ಮುಂದೆ ಬಂತು. ತಾನೇ ಅಚ್ಚಿನ ಮೊಳೆ ಜೋಡಿಸಿದ ಹಾಡಿನ ಪುಸ್ತಕ, ಎಂಟನೆಯ ಹಾಡು, ಮೂವತ್ತೊಂದನೆಯ ಪುಟ, ಕೆಳಗೆ ಜಾಗ ತುಂಬುವ ಒಂದು ಹೂವಿನ ಬ್ಲಾಕು. ಆ ಹೂವನ್ನು ಎತ್ತಿಟ್ಟಿದ್ದರೆ ಐದು ಸಾಲು ಆರಾಮಾಗಿ ಕೂಡುತ್ತಿದ್ದವು. ಹೂವನ್ನು ತಂದು ಕೂಡಿಸಿದವನೂ ಅವನೇ.

ತೊಡೆಯ ಮೇಲೆ ಬಟ್ಟೆಯ ಚೀಲ. ಚೀಲದೊಳಗೆ ಹದಿನಾರು ಪುಟದ ಒಂದು ಖಾಲಿ ಪುಸ್ತಕ, ಅಚ್ಚಾಗಬೇಕಾದ ಮಾಸಿಕದ ಮಾದರಿ. ಯಾವ ಪುಟದಲ್ಲಿ ಏನು ಬರಬೇಕೆಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದ. ಮುಖಪುಟದ ಮೇಲೆ ಒಂದೇ ಶಬ್ದ: ಡಪ್ಪು. ಹರದೇಶಿ-ನಾಗೇಶಿ ಹಾಡಿಗೇ ಮೀಸಲಾದ ಪತ್ರಿಕೆ. ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂದು ಎರಡು ಮೇಳಗಳು ಎದುರುಬದುರು ನಿಂತು, ಡಪ್ಪು ಬಾರಿಸುತ್ತ, ತುಂತುಣಿ ಮೀಟುತ್ತ, ಹಾಡಿನಲ್ಲೇ ಸವಾಲು ಎಸೆದು ಹಾಡಿನಲ್ಲೇ ಜವಾಬು ಕೇಳುವ ಜಗಳ ಅದು. ಗಂಡಿನ ಪಕ್ಷ ಹರದೇಶಿ, ಹೆಣ್ಣಿನ ಪಕ್ಷ ನಾಗೇಶಿ. ಇಂಥದಕ್ಕೊಂದು ಪತ್ರಿಕೆ ಮಾಡಿದರೆ ಓದುವವರು ಯಾರು ಎಂದು ಕೇಳಿದವರಿಗೆಲ್ಲ ಸಖಾರಾಮ, ಓದಲಿಕ್ಕೆ ಬಾರದವರು, ಎಂದು ಹೇಳುತ್ತಿದ್ದ. ಹೇಳುವಾಗ ಅವನಿಗೆ ಖುಷಿಯಾಗುತ್ತಿತ್ತು. ಓದಲು ಬಾರದವರು ಓದಿಸಿಕೊಂಡು ಕೇಳುತ್ತಾರೆ, ಒಮ್ಮೆ ಕೇಳಿದ್ದನ್ನು ಮರೆಯುವುದಿಲ್ಲ, ಒಂದಕ್ಷರ ಆಚೀಚೆಯಾದರೂ ಹಿಡಿಯುತ್ತಾರೆ. ಅವರು ಹಿಡಿದದ್ದಕ್ಕೇ ಅವನ ನಿದ್ದೆ ಕೆಟ್ಟದ್ದು. ಹಾಡಿನ ಕೊನೆಯ ನುಡಿಗೆ ಮೇಳದವರು ಕಡೀ ಚೌಕ ಅನ್ನುತ್ತಾರೆ. ಅದರಲ್ಲಿ ದೇವರಿಲ್ಲ, ವಾದವಿಲ್ಲ. ಹಾಡಿದವರ ಊರು, ಕೇರಿ, ಕಲಿಸಿದ ಗುರು, ಡಪ್ಪು ಹಿಡಿದವನು, ತುಂತುಣಿ ಹಿಡಿದವಳು, ಇಷ್ಟೇ. ಆ ಚೌಕ ಹೇಳದೆ ಹಾಡು ಇಳಿಸಿದರೆ ಅದು ಕದ್ದ ಹಾಡು ಎಂದು ಎದುರಿನವರು ನಗುತ್ತಾರೆ. ಹೂವಿನ ಬ್ಲಾಕು ಕೂಡಿಸಿ ಸಖಾರಾಮ ಮುಚ್ಚಿದ್ದು ಆ ಚೌಕವನ್ನು.

ಬಸ್ಸು ಕಾಗಲ ದಾಟಿತು. ಅವನು ಮೊಳೆ ಜೋಡಿಸುವ ಪ್ರೆಸ್ಸಿನಲ್ಲಿ ಇದ್ದದ್ದೆಲ್ಲ ಮರಾಠಿ ಮೊಳೆ, ಮೂಲೆಯಲ್ಲಿ ಎರಡು ಕೇಸು, ಅಂದರೆ ಮೊಳೆಯ ಖಾನೆಪೆಟ್ಟಿಗೆ, ಮಾತ್ರ ಕನ್ನಡ. ಸುತ್ತಲಿನ ಊರುಗಳ ವ್ಯಾಪಾರಸ್ಥರ ಲಗ್ನಪತ್ರಿಕೆಗೆ ಬೇಕಾಗುತ್ತದೆಂದು ಬೆಳಗಾವಿಯಲ್ಲಿ ಮುಚ್ಚಿಹೋದ ಒಂದು ಅಚ್ಚುಕೂಟದಿಂದ ಮಾಲಕ ತಂದಿಟ್ಟದ್ದು. ಕೆಲಸ ಕೇಳಲು ಹೋದ ದಿನ ಮಾಲಕ ಕನ್ನಡಕ ಏರಿಸಿ, "ಕಾನಡಿ ಯೇತೇ? ಮ್ಹಣಜೇ ತುಮ್ಹೀ ವಾಣೀ" ಎಂದಿದ್ದ. ಕನ್ನಡ ಬರುತ್ತದೆ, ಅಂದಮೇಲೆ ನೀವು ಲಿಂಗಾಯತ ವ್ಯಾಪಾರಿ ಮಂದಿ. ಕೊಲ್ಲಾಪುರದಲ್ಲಿ ಕನ್ನಡ ಆಡುವವನೆಂದರೆ ಅಂಗಡಿಯವನೇ ಇರಬೇಕು. ಕನ್ನಡದಲ್ಲಿ ಕೂಲಿ ಮಾಡುವವರು, ಕನ್ನಡದಲ್ಲಿ ಬೈಸಿಕೊಳ್ಳುವವರು ಇದ್ದಾರೆಂಬುದು ಯಾರ ತಲೆಗೂ ಹೋಗುವುದಿಲ್ಲ. ಸಖಾರಾಮ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನೇಸರೀಕರ ಎಂಬ ಅಡ್ಡಹೆಸರು ಅಜ್ಜನ ಊರನ್ನು ಹೇಳುತ್ತಿತ್ತೇ ಹೊರತು ಕೇರಿಯನ್ನು ಹೇಳುತ್ತಿರಲಿಲ್ಲ. ಆವತ್ತಿನಿಂದ ಪ್ರೆಸ್ಸಿನ ಹಿಂಬಾಗಿಲ ಬಳಿಯಿದ್ದ ಮಣ್ಣಿನ ಹರವಿಯೊಳಗೆ ಎಲ್ಲರಂತೆ ತಂಬಿಗೆ ಅದ್ದಿ ನೀರು ಕುಡಿದ. ಬಾಯಿ ಮುಚ್ಚಿಕೊಂಡದ್ದಕ್ಕೆ ಸಿಕ್ಕ ನೀರು. ಬೇಸಿಗೆಯಲ್ಲಿ ಬಹಳ ತಣ್ಣಗಿರುತ್ತಿತ್ತು.

ಆ ನೀರು ಕುಡಿಯುತ್ತಿದ್ದ ಎರಡನೆಯ ವರ್ಷ ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ ದುಂಡಪ್ಪ ಸಾವಕಾರರಿಂದ ಒಂದು ಹಸ್ತಪ್ರತಿ ಬಂತು. ಎಂಟು ನಾಗೇಶಿ ಹಾಡು, ಅದೇ ಊರಿನ ಹೊರಕೇರಿಯ ಜನಾಬಾಯಿ ಹೇಳಿ ಬರೆಸಿದ್ದು. ಜನಾಬಾಯಿಗೆ ಹಾಡು ಕಲಿಸಿದವನು ಸಖಾರಾಮನ ಅಪ್ಪ ಮಲ್ಲಾರಿ. ಎಂಟನೆಯ ಹಾಡಿನ ಕಡೀ ಚೌಕದಲ್ಲಿ ಕೇರಿಯ ಹೆಸರಿತ್ತು, ಅಪ್ಪನ ಹೆಸರಿತ್ತು, ತುಂತುಣಿ ಹಿಡಿಯುತ್ತಿದ್ದ ಅವ್ವ ರಂಗುಬಾಯಿಯ ಹೆಸರಿತ್ತು. ಬೇರೆ ಕೇರಿಗಳಿಂದ ಅವಳು ಕಲಿತು ತಂದ ಮಿಕ್ಕ ಏಳು ಹಾಡಿನಲ್ಲಿ ಬೇರೆ ಬೇರೆ ಗುರುಗಳಿದ್ದರು. ಅವರ ಚೌಕಗಳನ್ನು ಸಖಾರಾಮ ಏನೂ ಅನ್ನಿಸದೆ ಜೋಡಿಸಿದ. ಎಂಟನೆಯದಕ್ಕೆ ಬಂದಾಗ ಕೈ ನಿಂತಿತು. ಮಾಲಕನಿಗೆ ಕನ್ನಡ ಬಾರದು. ಮಾಲಕ ಓದುವುದಿಲ್ಲ ಎಂದು ಗೊತ್ತಿತ್ತು. ಆದರೂ, ಈ ಮಲ್ಲಾರಿ ಯಾರು ಎಂದು ಯಾರೋ ಎಲ್ಲೋ ಒಂದು ದಿನ ಕೇಳಿಬಿಟ್ಟರೆ ಎಂಬ ದಿಗಿಲಾಯಿತು. ಒಂದನ್ನೇ ಬಿಟ್ಟರೆ ಎದ್ದು ಕಾಣುತ್ತದೆಂದು, ಜೋಡಿಸಿಟ್ಟಿದ್ದ ಏಳು ಚೌಕಗಳನ್ನೂ ಕಿತ್ತು ಮೊಳೆಗಳನ್ನು ತಿರುಗಿ ಕೇಸಿಗೆ ಹಾಕಿದ. ತನ್ನ ಅಪ್ಪನನ್ನು ಬಚ್ಚಿಡಲು ಎಂಟು ಕೇರಿ ಅಳಿಸಿದ. ಹೇಡಿತನಕ್ಕೂ ಇಷ್ಟು ಮೈಮುರಿದು ದುಡಿಯಬೇಕಾಗುತ್ತದೆ ಎಂದು ಆಮೇಲೆ ಎಷ್ಟೋ ಸಲ ಕಹಿಯಾಗಿ ನಕ್ಕಿದ್ದಾನೆ.

ಪುಸ್ತಕ ಬಂದ ಮೇಲೆ ಅದನ್ನು ಅಪ್ಪನಿಗೆ ಓದಿ ಹೇಳುವ ಪಾಳಿಯೂ ಅವನಿಗೇ ಬಂತು. ಕೇರಿಯಲ್ಲಿ ಕನ್ನಡ ಅಕ್ಷರ ಬಲ್ಲವರು ಬೇರೆ ಯಾರಿದ್ದರು? ಜನಾಬಾಯಿ ಗೋಡೆಗೆ ಒರಗಿ ಕೂತಿದ್ದಳು. ಅಪ್ಪ ಡಪ್ಪು ತೊಡೆಯ ಮೇಲಿಟ್ಟುಕೊಂಡು, ಬಾರಿಸದೆ, ಬೆರಳಿನಿಂದ ತಾಳ ಮಾತ್ರ ಹಿಡಿದಿದ್ದ. ಎಂಟನೆಯ ಹಾಡು ಮುಗಿಯಿತು. ಅಪ್ಪನ ಬೆರಳು ಚರ್ಮದ ಮೇಲೆ ಹಾಗೇ ನಿಂತಿತು, ಮುಂದಿನ ಸಾಲಿಗೆ ಕಾಯುತ್ತ. ಸಖಾರಾಮ ಪುಸ್ತಕ ಮುಚ್ಚಿದ. ಜನಾಬಾಯಿ, ಸಾವಕಾರ ತಗಸಿರಬೇಕು, ಅವರಿಗೆ ನಮ್ಮ ಹೆಸರಂದರೆ ಮೈಲಿಗೆ, ಎಂದಳು. ಸಖಾರಾಮ ಆಗಲೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಪ್ಪ ಎದ್ದು ಡಪ್ಪನ್ನು ಗೂಟಕ್ಕೆ ಸಿಕ್ಕಿಸಿ ಹೊರಗೆ ಹೋದ. ಮುಂದಿನ ವರ್ಷ ತೀರಿಕೊಂಡ.

ನಿಪ್ಪಾಣಿಯಲ್ಲಿ ತಂಬಾಕಿನ ಘಾಟು ಬಸ್ಸಿನೊಳಗೆ ನುಗ್ಗಿತು, ಪಕ್ಕದವನು ಸೀನಿದ. ಇಲ್ಲಿಂದ ಸಂಕೇಶ್ವರದ ತನಕ ಮೈಸೂರು ರಾಜ್ಯ, ಅದಾದ ಮೇಲೆ ಮತ್ತೆ ಮಹಾರಾಷ್ಟ್ರ. ಗಡಿ ಎಲ್ಲಿ ಹಾಕಿದರೂ ಕೇರಿ ಊರ ಹೊರಗೇ ಇರುತ್ತದೆ ಎಂದು ಹೆಂಡತಿ ಶಾಲನ ಒಮ್ಮೆ ಹೇಳಿದ್ದಳು. ಅವಳದು ಇಚಲಕರಂಜಿಯ ಮಗ್ಗದ ಓಣಿ. ಸಖಾರಾಮ ಬೆಳೆದದ್ದೂ ಅಲ್ಲೇ. ಹತ್ತನೆಯ ವಯಸ್ಸಿಗೆ ಅವ್ವ ಸತ್ತ ಮೇಲೆ ಅಪ್ಪ ಅವನನ್ನು ಅಲ್ಲಿಯ ಸೋದರಮಾವನ ಮನೆಗೆ ಕಳಿಸಿದ್ದ. ಹಗಲೆಲ್ಲ ಮಗ್ಗದ ಸದ್ದು. ಆ ಸದ್ದಿನಲ್ಲಿ ಮಾತಾಡಬೇಕಾದರೆ ಕೂಗಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ಅವನು ಸುಮ್ಮನಿರುವುದನ್ನು ಕಲಿತ. ಹಾಗಾಗಿ ಗಡಹಿಂಗ್ಲಜದ ಬಜಾರಿನಲ್ಲಿ ಅವನು ಮಲ್ಲಾರಿಯ ಮಗನೆಂದು ಯಾರಿಗೂ ಗೊತ್ತಿರಲಿಲ್ಲ. ಸಾವಕಾರರ ಅಂಗಡಿಗೆ ಬಂದುಹೋಗುವವರಲ್ಲಿ ಗೊತ್ತಿದ್ದವಳು ಜನಾಬಾಯಿ ಒಬ್ಬಳೇ. ಎತ್ತಿ ಆಡಿಸಿದ ಹುಡುಗನನ್ನು ಸಾವಕಾರರ ಅಂಗಡಿಯಲ್ಲಿ ಅವಳು "ಮಾಸ್ತರ್ರ" ಎಂದು ಬಹುವಚನದಲ್ಲಿ ಕರೆಯುತ್ತಿದ್ದಳು. ಯಾರೂ ಹಾಗೆ ಕರೆ ಎಂದು ಹೇಳಿಕೊಟ್ಟಿರಲಿಲ್ಲ. ಅವನ ಮುಖ ನೋಡಿ ಅವಳಿಗೇ ತಿಳಿದಿತ್ತು, ಅದೇ ಅವನಿಗೆ ಸಹಿಸಲಾಗದ್ದು.

ಶಾಲನಳಿಗೆ ಈ ಪತ್ರಿಕೆ ಸೇರಿರಲಿಲ್ಲ. ಬೌದ್ಧ ದೀಕ್ಷೆ ತೆಗೆದುಕೊಂಡ ಮನೆ, ಜಗಲಿಯ ಮೇಲಿನ ದೇವರನ್ನೆಲ್ಲ ಹೊಳೆಗೆ ಬಿಟ್ಟು ಬಂದ ಮನೆ. ಮತ್ತೆ ಶಿವ ಶಕ್ತಿ ಎಂದು ಹಾಡುವುದೆಂದರೆ? "ಬಿಟ್ಟ ಬಂದದ್ದನ್ನ ಮತ್ಯಾಕ ಹೆಗಲಮ್ಯಾಲೆ ಹೊರತೀರಿ?" ಎಂದು ನಿನ್ನೆ ಕೇಳಿದಳು. ಕೇಳಿದವಳೇ ಸೂಜಿ ದಾರ ತಂದು ಹದಿನಾರು ಪುಟದ ಮಾದರಿಯನ್ನು ಹೊಲಿದುಕೊಟ್ಟಳು. ಸಖಾರಾಮ ಅವಳಿಗೆ ತನ್ನ ಅಪ್ಪನ ಮಾತು ಹೇಳಿದ್ದ. ದೀಕ್ಷೆಯ ವರ್ಷ ಕೇರಿಯ ಹರೆಯದವರು, ಊರ ಹೆಣಕ್ಕೂ ಜಾತ್ರೆಗೂ ಬಾರಿಸುತ್ತಿದ್ದ ಮನೆಮನೆಯ ಹಲಗಿ ಎತ್ತಿಕೊಂಡು ಹೋಗಿ ಹಾಳುಬಾವಿಗೆ ಎಸೆದರು. ಅಪ್ಪ ತನ್ನ ಹಲಗಿಯನ್ನು ತಾನೇ ತಂದುಕೊಟ್ಟ. ಡಪ್ಪಿಗೆ ಕೈ ಹಾಕಿದಾಗ ಬಾಗಿಲಿಗೆ ಅಡ್ಡ ನಿಂತನಂತೆ. "ಹಲಗಿ ಅವರು ಬಾರಸು ಅಂದಾಗ ಬಾರಸ್ತಿದ್ದೆ, ಅದನ್ನ ಒಗೀರಿ. ಡಪ್ಪು ಅವರ ಕೂಡ ವಾದಾ ಮಾಡಾಕ ಬಾರಸ್ತೇನಿ. ಇದನ್ನ ಯಾಂವ ಮುಟ್ಟತಾನ ನೋಡೂಣು." ಯಾರೂ ಮುಟ್ಟಲಿಲ್ಲ. ಅಂಥವನ ಹೆಸರನ್ನು ಮುಟ್ಟಿದವನು ಮಗ. ಪತ್ರಿಕೆಯನ್ನು ಸಖಾರಾಮ ಹಾಡಿನ ಮೇಲಿನ ಪ್ರೀತಿಗೆ ಮಾಡುತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳಲು ಅವನಿಗೆ ನಾಚಿಕೆಯಿರಲಿಲ್ಲ. ಅಳಿಸಿದ ಎಂಟು ಚೌಕಗಳನ್ನು ಮೊದಲನೆಯ ಸಂಚಿಕೆಯಲ್ಲೇ ಹಾಕಬೇಕಿತ್ತು. ಮಾದರಿಯಲ್ಲಿ ಅದಕ್ಕೆ ಎರಡನೆಯ ಪುಟ ಬಿಟ್ಟಿದ್ದ. ಸದ್ದಿಲ್ಲದೆ ಹಾಕಿಬಿಟ್ಟರೆ ಯಾರಿಗೂ ಏನೂ ಹೇಳದೆ ಎಲ್ಲ ಸರಿಹೋಗುತ್ತದೆಂದು ಅವನ ಆಸೆ. ಇದರಲ್ಲೂ ಬಾಯಿ ಬಿಡುವ ಮಾತಿರಲಿಲ್ಲ.

ದುಂಡಪ್ಪ ಸಾವಕಾರರ ಅಂಗಡಿಯಲ್ಲಿ ಬೆಲ್ಲದ ಪೆಂಟಿಗಳನ್ನು ಮಾಡಿನ ತನಕ ಒಟ್ಟಿದ್ದರು. ಸಾವಕಾರರು ಗಾದಿಯ ಮೇಲೆ ಲೋಡಿಗೆ ಒರಗಿದ್ದರು; ಪಕ್ಕದಲ್ಲಿ ಹುಪರಿಯ ಪಾರೀಸ, ಬೆಳ್ಳಿಯ ಕಾಲ್ಗೆಜ್ಜೆ ಮಾಡುವವನು, ಸುತ್ತ ಹತ್ತೂರಿನಲ್ಲಿ ಹರದೇಶಿ ಹಾಡಿಗೆ ಹೆಸರಾದವನು. ಸಖಾರಾಮನನ್ನು ಕಂಡಕೂಡಲೇ ಸಾವಕಾರರು ಸರಿದು ಗಾದಿಯ ಮೇಲೆ ಜಾಗ ಮಾಡಿದರು. ಜನಾಬಾಯಿ ಹೊಸ್ತಿಲಾಚೆಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ಅವನು ಕೈ ಮುಗಿದ. ಅವಳೂ ಮುಗಿದಳು, ಆರಾಮ ಏನ್ರಿ ಮಾಸ್ತರ್ರ, ಎಂದಳು. ಒಳಗಿದ್ದ ಮೂವರಿಗೆ ಕಪ್ಪು ಬಸಿಯಲ್ಲಿ ಚಹ ಬಂತು. ಗೂಡಿನಲ್ಲಿ ಬೇರೆ ಇಟ್ಟಿದ್ದ ಕಿವಿ ಮುರಿದ ಒಂದು ಕಪ್ಪನ್ನು ಜನಾಬಾಯಿ ತಾನೇ ಎತ್ತಿಕೊಂಡು ಹಿಡಿದಳು, ಅದಕ್ಕೆ ಮೇಲಿನಿಂದ ಸುರಿದರು. ಸಖಾರಾಮ ಬಸಿಗೆ ಬಗ್ಗಿಸಿಕೊಂಡು ಕುಡಿದ. ಚಹಕ್ಕೆ ಹೊಸ ಬೆಲ್ಲ ಹಾಕಿದ್ದರು, ರುಚಿಯಾಗಿತ್ತು. ರುಚಿ ಗೊತ್ತಾದದ್ದಕ್ಕೆ ತನ್ನ ನಾಲಗೆಯ ಮೇಲೇ ಅವನಿಗೆ ಸಿಟ್ಟು ಬಂತು.

ಮಾತು ಚೆನ್ನಾಗಿಯೇ ಶುರುವಾಯಿತು. ಸಾವಕಾರರು ಕೆಟ್ಟ ಮನುಷ್ಯರಲ್ಲ. ಹಾಡೆಂದರೆ ಅವರಿಗೆ ಜೀವ. ರಾತ್ರಿಯೆಲ್ಲ ಕೂತು ಕೇಳುವವರು, ಒಳ್ಳೆಯ ಸಾಲಿಗೆ ಕಣ್ಣೊರೆಸಿಕೊಳ್ಳುವವರು. ಕಾಗದ ತಮ್ಮದು, ಅಚ್ಚಿನ ಖರ್ಚು ತಮ್ಮದು, ತಿಂಗಳಿಗೆ ಮುನ್ನೂರು ಪ್ರತಿ ಎಂದರು. ಡಪ್ಪು ಎಂಬ ಹೆಸರು ಮಾತ್ರ ಒರಟಾಯಿತು, ಗ್ರಾಮಗೀತ ಸೌರಭ ಎಂದಿಟ್ಟರೆ ಹೇಗೆ ಎಂದು ಕೇಳಿದರು. ಅದು ಊದಿನಕಡ್ಡಿಯ ಹೆಸರಿದ್ದಂತಿದೆ ಎಂದು ಪಾರೀಸ ಹೇಳಿದ್ದಕ್ಕೆ ಎಲ್ಲರಿಗಿಂತ ಮೊದಲು ತಾವೇ ನಕ್ಕು, ಡಪ್ಪೇ ಇರಲಿ ಎಂದರು. ಪಾರೀಸನಿಗೆ ಬೇರೆಯೇ ತಕರಾರಿತ್ತು. ಮೇಳದ ಹಾಡಿನ ವಹಿಯನ್ನು ಹೆಂಡತಿಗೂ ತೋರಿಸದೆ ಪೆಟ್ಟಿಗೆಯಲ್ಲಿಟ್ಟು ಕಾಯುವವರು ತಾವು. ಸವಾಲನ್ನೂ ಜವಾಬನ್ನೂ ಅಚ್ಚು ಹಾಕಿ ಹಂಚಿಬಿಟ್ಟರೆ ನಾಳೆ ಪಟದಲ್ಲಿ, ಹಾಡಿನ ಕಣದಲ್ಲಿ, ನಿಂತು ಹಾಡುವುದೇನು, ಎದುರಿನವಳು ಪತ್ರಿಕೆ ತೆಗೆದು ಓದಿಬಿಡುತ್ತಾಳಲ್ಲ ಎಂದ. ಇದನ್ನು ಸಖಾರಾಮ ಮೊದಲೇ ಯೋಚಿಸಿದ್ದ. ಮಾದರಿ ಬಿಚ್ಚಿ ತೋರಿಸಿದ. ಈ ತಿಂಗಳು ಒಂದು ಮೇಳದ ಸವಾಲು ಮಾತ್ರ. ಅದರ ಎದುರಿನ ಪುಟ ಖಾಲಿ. ಎದುರು ಮೇಳದವರು ಜವಾಬು ಕಟ್ಟಿ ಕಳಿಸಿದರೆ ಮುಂದಿನ ತಿಂಗಳು ಅಚ್ಚು, ಕಳಿಸದಿದ್ದರೆ ಖಾಲಿ ಪುಟವನ್ನು ಹಾಗೇ ಅಚ್ಚು ಹಾಕಿ ಕೆಳಗೆ ಮೇಳದ ಹೆಸರು ಬರೆಯುವುದು. ಪಾರೀಸ ಖಾಲಿ ಪುಟವನ್ನೇ ನೋಡಿದ, ಗದ್ದ ಉಜ್ಜಿಕೊಂಡ, ಇದು ಭಾರಿ ನಾಚಿಕೆಗೇಡು ಎಂದ, ಹೊಗಳುವ ದನಿಯಲ್ಲಿ. ಮೊದಲನೆಯ ಸವಾಲು ತನ್ನದು ಎಂದು ಹೊಸ್ತಿಲಾಚೆಯಿಂದ ಜನಾಬಾಯಿ ಕೂಗಿದಳು. ಸಖಾರಾಮನಿಗೆ ಎದೆ ಹಗುರಾಯಿತು. ಮೂವತ್ತೈದು ವರ್ಷದಲ್ಲಿ ತಾನೊಬ್ಬನೇ ಕಟ್ಟಿದ್ದು ಇದೊಂದೇ, ಮತ್ತು ಇದು ನಿಲ್ಲುತ್ತಿತ್ತು.

ಸಾವಕಾರರು ಮಾದರಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಎರಡನೆಯ ಪುಟಕ್ಕೆ ಬಂದರು. ಅಲ್ಲಿ ಪೆನ್ಸಿಲ್ಲಿನಲ್ಲಿ, ಕಡೀ ಚೌಕಗಳು, ಎಂದಿತ್ತು. ಅವರು ಬೆರಳನ್ನು ಅದರ ಮೇಲೆ ಮೃದುವಾಗಿ ಆಡಿಸಿದರು.

"ಇದೊಂದು ಬ್ಯಾಡ್ರಿ. ಊರು, ಕೇರಿ, ಯಾರ್ಯಾರ್ದೋ ಹೆಸರು. ದೊಡ್ಡ ದೊಡ್ಡ ಮಂದಿ ಕೈಗೆ ಹೋಗೂ ಪತ್ರಿಕಾ ಇದು. ಹಾಡು ಸಮಾಜದ್ದರಿ, ಅದಕ್ಕ ಜಾತಿ ಯಾಕ? ಹ್ವಾದ ಸಲ ಪುಸ್ತಕ ಮಾಡಿದಾಗ ನೀವ ಎಲ್ಲಾ ತಗದಿದ್ರೆಲ್ಲ ಸಖಾರಾಮರ, ಎಷ್ಟ ಸ್ವಚ್ಛ ಆಗಿತ್ತು. ನಾ ಹೇಳಿರಲೇ ಇಲ್ಲ. ಎಲ್ಲಾರ ಮುಂದೂ ನಿಮ್ಮ ಹೆಸರ ಹೇಳತೇನಿ ನಾ, ಕೊಲ್ಲಾಪುರದಾಗ ಒಬ್ಬ ತಿಳದಾಂವ ಅದಾನ ಅಂತ."

 ಸಖಾರಾಮ ಕಟ್ಟೆಯ ಕಡೆ ನೋಡಬಾರದೆಂದುಕೊಂಡ, ನೋಡಿದ. ಜನಾಬಾಯಿ ಕಿವಿ ಮುರಿದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಅವನನ್ನೇ ನೋಡುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ತಾಳವನ್ನು ಹುಡುಕುವಾಗ ಹಾಡುಗಾರರು ನೋಡುವಂತೆ ನೋಡುತ್ತಿದ್ದಳು. ಜಾಗವಿರಲಿಲ್ಲ ಎಂಬ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ಮೂರು ವರ್ಷದಿಂದ ಸಾಣೆ ಹಿಡಿದಿಟ್ಟ ಮಾತು, ಎರಡು ಶಬ್ದ, ಹೇಳಿದರೆ ಸಾಕಿತ್ತು. ಸಾವಕಾರರು ನಗುತ್ತಿದ್ದರು, ಪಾರೀಸ ನಂಬುತ್ತಿದ್ದ, ಹದಿನಾರು ಪುಟ ಉಳಿಯುತ್ತಿತ್ತು. ಪ್ರೆಸ್ಸಿನ ಹರವಿ ಉಳಿಯುತ್ತಿತ್ತು. ಸಾವಕಾರರು ಮಾಲಕನ ಹಳೆಯ ಗಿರಾಕಿ. ಇಲ್ಲಿ ಆಡಿದ ಮಾತು ನಾಡಿದ್ದಿಗೆ ಕೊಲ್ಲಾಪುರ ಮುಟ್ಟುತ್ತದೆ. ಮುಟ್ಟಲಿ. ಕನ್ನಡದ ಕೇಸಿನಲ್ಲಿ ಯಾವ ಅಕ್ಷರ ಯಾವ ಮನೆಯಲ್ಲಿದೆಯೆಂದು ಆ ಊರಿನಲ್ಲಿ ಬಲ್ಲವನು ತಾನೊಬ್ಬನೇ. ಕೆಲಸದಿಂದ ತೆಗೆಯುವುದಿದ್ದರೆ ತೆಗೆಯಲಿ, ನೀರು ಬೇರೆ ಇಡುವುದಿದ್ದರೆ ಇಡಲಿ, ಮನೆಯಿಂದ ಹೊತ್ತು ತಂದು ಕುಡಿದರಾಯಿತು. ಇಷ್ಟು ವರ್ಷ ಇದಕ್ಕೆ ಹೆದರಿದೆನೇ ಎಂದು ಅವನಿಗೆ ಆಶ್ಚರ್ಯವಾಯಿತು, ಹಿಂದೆಯೇ ಒಂದು ರೋಷ ಬಂತು, ಅದು ಸಾವಕಾರರ ಮೇಲಲ್ಲ. ತನ್ನ ಹೇಡಿತನವನ್ನು ಈ ಮನುಷ್ಯ ತಿಳಿವಳಿಕೆಯೆಂದು ಊರೆಲ್ಲ ಹೊಗಳಿಕೊಂಡು ತಿರುಗಿದ್ದ.

"ನಾ ತಿಳದಾಂವಲ್ಲರಿ" ಎಂದ ಸಖಾರಾಮ. "ಅಂಜಿ ತಗದೆ. ಅದರಾಗ ನಮ್ಮಪ್ಪನ ಹೆಸರಿತ್ತು, ನಮ್ಮವ್ವನ ಹೆಸರಿತ್ತು. ನಾ ಮಲ್ಲಾರಿ ಮಗಾ."

ಸಾವಕಾರರಿಗೆ ತಕ್ಷಣ ಹೊಳೆಯಲಿಲ್ಲ, ಯಾವ ಮಲ್ಲಾರಿ ಎಂದು ಕೇಳಿದರು. ನಿಮ್ಮ ವಾಡೆಯ ಮುಂದೆ ಹಲಗಿ ಬಾರಿಸುತ್ತಿದ್ದ ಮಲ್ಲಾರಿ ಎಂದು ಅವನೇ ಬಿಡಿಸಿ ಹೇಳಿದ. ಅವರ ಕಣ್ಣು ಅವನ ಮುಖದಿಂದ ಇಳಿದು, ಅವನ ಮುಂದಿದ್ದ ಕಪ್ಪಿನ ಮೇಲೆ ಒಂದು ಗಳಿಗೆ ನಿಂತು, ಅಲ್ಲಿಂದ ಗಾದಿಗೆ ಹೋಗಿ, ತಿರುಗಿ ಬಂತು. ದೊಡ್ಡವರು, ಸಾವರಿಸಿಕೊಂಡರು. ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ, ಮಲ್ಲಾರಿ ದೊಡ್ಡ ಕಲಾವಂತ, ಅವನ ಮಗ ಪತ್ರಿಕೆ ನಡೆಸುವುದು ನಮಗೂ ಹೆಮ್ಮೆಯೇ ಎಂದರು. ಹಾಡು ಹಾಕಿ, ಸವಾಲು ಹಾಕಿ, ಖಾಲಿ ಪುಟವನ್ನೂ ಹಾಕಿ. ಆ ಚೌಕ ಮಾತ್ರ ಬೇಡ. ಚೌಕ ಬಂದರೆ ತಮ್ಮ ಕಾಗದವಿಲ್ಲ. ಇಷ್ಟನ್ನೂ ಬಹಳ ಪ್ರೀತಿಯಿಂದ ಹೇಳಿದರು, ಮಗನಿಗೆ ಹೇಳುವ ಹಾಗೆ. ಮಾತಿನ ನಡುವೆ ಎಲ್ಲಿಯೋ ಅವನು ‘ಸಖಾರಾಮರ’ ಹೋಗಿ ಬರೀ ‘ಸಖಾರಾಮ’ ಆಗಿದ್ದ.

ಸಖಾರಾಮ ಗಾದಿಯಿಂದ ಎದ್ದ. ಹೋಗುತ್ತಾನೆಂದು ಅವರು ತಿಳಿದರು. ಅವನು ಅಲ್ಲೇ, ಬೆಲ್ಲದ ಪೆಂಟಿಗಳ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು ಎಂಟನೆಯ ಹಾಡಿನ ಚೌಕ ಹೇಳತೊಡಗಿದ. ದೊಡ್ಡವನಾದ ಮೇಲೆ ಅವನು ಹಾಡಿಯೇ ಇರಲಿಲ್ಲ. ದನಿ ಒಡೆಯಿತು, ಒಡೆದದ್ದನ್ನು ಹಾಗೇ ಎತ್ತಿಕೊಂಡು ಹೋದ.

ಗಡಿಂಗ್ಲಜ ಊರ ಹೊರಗ, ಹಳ್ಳದ ದಂಡಿ ಕೇರಿ ನಂದು
ಕೇರ್ಯಾಗ ಕಲಿಸ್ಯಾನ ಗುರು ಮಲ್ಲಾರಿ, ಡಪ್ಪಿನ ಮ್ಯಾಲ ಬೆರಳ ಅವಂದು
ತುಂತುಣಿ ಹಿಡದಾಳ ರಂಗೂಬಾಯಿ, ಗುರುವಿನ ಬಾಜೂಕ ತಾನು ನಿಂದು
ಜನಾಬಾಯಿ ಒಗದಾಳ ಸವಾಲು, ಜವಾಬ ಹೇಳು ಮುಂದಕ ಬಂದು
ಕೇರಿ ಹೆಸರ ಕೇಳಿ ಎದ್ದಾಂವ ಹೋಗಲಿ, ಕುಂತು ಕೇಳಾವಗ ಹಾಡು ನಂದು

ಚೌಕಕ್ಕೆ ನಾಲ್ಕೇ ಸಾಲು; ಐದನೆಯದನ್ನು ಜನಾಬಾಯಿ ಯಾವಾಗಲೋ ಸಿಟ್ಟಿನಲ್ಲಿ ಸೇರಿಸಿದ್ದಂತೆ. ಹೇಳಿ ಮುಗಿಸಿದಾಗ ಅಂಗಡಿಯಲ್ಲಿ ಹಮಾಲರು ಪೆಂಟಿ ಹೊತ್ತವರು ಹೊತ್ತ ಹಾಗೇ ನಿಂತಿದ್ದರು. ಪಾರೀಸ ಕಪ್ಪನ್ನು ಕೆಳಗಿಟ್ಟು, ಧೋತರದ ಚುಂಗು ಸರಿಮಾಡಿಕೊಂಡು, ತಾನೂ ಎದ್ದ. ಸಾವಕಾರರು ಅವನ ಮೊಣಕೈ ಹಿಡಿದು ಕೂಡ್ರು ಎಂದರು. ಅವನು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ.

"ಹೆಂಗ ಕುಂಡ್ರಲಿ ಸಾವಕಾರ? ಆಕಡೆಯವರು ಕಡೀ ಚೌಕ ಹೇಳಿ ನಿಂತಾರ. ನಂದು ನಾ ಹೇಳದಿದ್ರ ಸೋತಂಗ ಆಕ್ಕೈತಿ. ನಾಗೇಶಿಗೆ ಸೋತು ಹುಪರಿಗೆ ಹೆಂಗ ಹೋಗಲಿ?"

ಮತ್ತು ಹಾಡಿದ. ಸಖಾರಾಮನ ಹಾಗಲ್ಲ, ಕಲಿತ ಕಂಠ; ಬೀದಿಯ ಆಚೆಯ ಅಂಗಡಿಯವರೂ ಹೊರಗೆ ಬಂದು ನಿಂತರು. ಹುಪರಿಯ ತಿದಿ ಊದುವ ಓಣಿಯನ್ನು ಹೇಳಿದ, ತನಗೆ ಕಲಿಸಿದ ಕುರುಡು ಪಿಂಜಾರನ ಹೆಸರು ಹೇಳಿದ, ಆ ಪಿಂಜಾರನ ಹರಕು ಗುಡಿಸಲಿನ ಗುರುತು ಹೇಳಿದ, ತಾಳ ಹಾಕುವ ತನ್ನ ತಂಗಿ ಜಿನಮತಿಯ ಹೆಸರು ಹೇಳಿದ. ಹೇಳಿ, ಜನಾಬಾಯಿಯ ಕಡೆಗೆ ತಿರುಗಿ ಪಟದಲ್ಲಿ ಮಾಡುವಂತೆ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ. ಇನ್ನು ಆ ಅಂಗಡಿಯಲ್ಲಿ ಹೇಳದೆ ಉಳಿದವರು ದುಂಡಪ್ಪ ಸಾವಕಾರರೊಬ್ಬರೇ. ಅವರಿಗೆ ಗುರುವಿರಲಿಲ್ಲ, ಚೌಕವಿರಲಿಲ್ಲ. ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆಂದು ತಿಳಿದು, ಅಂಗಡಿ ಹೊತ್ತಿನಲ್ಲಿ ಇದೇನು ಗದ್ದಲ ಎಂದು ಗೊಣಗಿ, ಎದ್ದು ಒಳಕೋಣೆಗೆ ಹೋದರು. ಮಾದರಿ ಗಾದಿಯ ಮೇಲೇ ಇತ್ತು. ಸಖಾರಾಮ ಅದನ್ನು ತೆಗೆದು ಚೀಲಕ್ಕೆ ಹಾಕಿಕೊಂಡ.

ಹೊರಗೆ ಬಿಸಿಲು. ಸಂತೆಯ ದಿನ, ಬಜಾರು ತುಂಬಿತ್ತು. ಹದಿನಾರು ಪುಟ ಹೋಯಿತು, ಕಾಗದ ಹೋಯಿತು, ಮುನ್ನೂರು ಪ್ರತಿ ಹೋಯಿತು. ಒಂದೇ ಹಾಳೆ ಮಡಚಿದರೆ ನಾಲ್ಕು ಪುಟವಾಗುತ್ತದೆ, ನಾಲ್ಕು ಪುಟದ್ದೂ ಪತ್ರಿಕೆಯೇ ಎಂದು ಸಖಾರಾಮ ಹೇಳಿದ. ಹುಪರಿಯಲ್ಲಿ ಐವತ್ತು ಪ್ರತಿ ತಾನು ಮಾರುತ್ತೇನೆ, ಖಾಲಿ ಪುಟ ಮಾತ್ರ ಬಿಡಬಾರದು ಎಂದು ಹೇಳಿ ಪಾರೀಸ ಬಸ್ಸಿಗೆ ಹೋದ. ಜನಾಬಾಯಿ ಆಗಲೇ ಮುಂದೆ ನಡೆದಿದ್ದಳು, ಸೆರಗು ಬಿಗಿದುಕೊಂಡು, ಹಿಂತಿರುಗಿ ನೋಡದೆ. ಅವಳಿಲ್ಲದೆ ನಾಲ್ಕು ಪುಟವೂ ಇರಲಿಲ್ಲ. ಅವನು ಹಿಂದೆ ಹಿಂದೆ ನಡೆದ. ಮೆಣಸಿನಕಾಯಿಯ ರಾಶಿಗಳನ್ನು ದಾಟಿ, ಬಳೆಗಾರರ ಸಾಲು ದಾಟಿ, ಒಂದು ಚಕ್ಕಡಿಯ ಬಳಿ ಅವಳು ಗಕ್ಕನೆ ನಿಂತಳು.

"ಮೂರ ವರ್ಷ ಆ ಸಾವಕಾರಗ ಶಾಪಾ ಹಾಕೇನಿ, ಸಖ್ಯಾ. ಮುಂಜಾನೆದ್ದು ಹಾಕೇನಿ."

ತಪ್ಪಾಯಿತು ಎಂದ ಸಖಾರಾಮ. ಸಖ್ಯಾ ಎಂದು ಅವನನ್ನು ಕರೆಯುವವರು ಅಪ್ಪ ಸತ್ತ ಮೇಲೆ ಯಾರೂ ಇರಲಿಲ್ಲ.  ತಪ್ಪಾಯಿತೆಂದು ಮಲ್ಲಾರಿಗೆ ಹೇಳು ಹೋಗು ಎಂದಳು ಜನಾಬಾಯಿ. ಅವಳ ಕಣ್ಣು ಒಣಗಿದ್ದವು. ಅವನನ್ನು ಕಾಲಿನಿಂದ ತಲೆಯ ತನಕ ಒಮ್ಮೆ ನೋಡಿದಳು, ಸಂತೆಯಲ್ಲಿ ದನ ನೋಡುವವರ ಹಾಗೆ.

"ಒಳಗ ಹೇಳಿದೆಲ್ಲ, ಮೂರನೇ ಸಾಲಿಗೆ ತಾಳ ತಪ್ಪಿದಿ. ನಿಮ್ಮವ್ವನ ಹೆಸರು ನುಂಗಿದಿ. ಮಲ್ಲಾರಿ ಮಗಾ ಆಗಿ ತಾಳ ತಪ್ಪತೀಯೇನು? ಮತ್ತೊಮ್ಮೆ ಹೇಳು. ತಾಳ ಕೂಡಿದ ಮ್ಯಾಲ ನಿನ್ನ ಪತ್ರಿಕಾಕ್ಕ ಹಾಡು ಕೊಡೂ ಮಾತು."

ಇಲ್ಲೇ ಹೇಳಲೇ ಎಂದು ಅವನು ಕೇಳಿದ. ಸುತ್ತ ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೋಗುತ್ತಿದ್ದರು. ಕೊಲ್ಲಾಪುರದ ಕಡೆಯ ಗುರುತಿನ ವ್ಯಾಪಾರಿಯೊಬ್ಬ ಎದುರಿನ ಅಂಗಡಿಯಲ್ಲಿ ನಿಂತು ಇತ್ತಲೇ ನೋಡುತ್ತಿದ್ದ. ಹೋದ ತಿಂಗಳು ಅವನ ಮಗಳ ಲಗ್ನಪತ್ರಿಕೆ ಜೋಡಿಸಿದ್ದು ಸಖಾರಾಮನೇ. ಜನಾಬಾಯಿ ಚಕ್ಕಡಿಯ ಹಲಗೆಯ ಮೇಲೆ ಅಂಗೈಯಿಂದ ಬಡಿದು ತಾಳ ಹಿಡಿದಳು, ಒಂದು ಸುತ್ತು, ಎರಡು ಸುತ್ತು, ಅವನು ಹಾಡು ಎತ್ತಿಕೊಳ್ಳಲೆಂದು ಕಾಯುತ್ತ.

ಸಖಾರಾಮ ಎತ್ತಿಕೊಂಡ. ಕೇರಿ ಹೇಳಿದ, ಅಪ್ಪನನ್ನು ಹೇಳಿದ. ಜನ ನಿಂತರು, ದಾರಿ ಕಟ್ಟಿತು, ಯಾರೋ ಹಿಂದಿನಿಂದ ಬೈದರು. ಅವ್ವನ ಹೆಸರು ಬಂದಾಗ ಅವನು ಇನ್ನಷ್ಟು ಗಟ್ಟಿಯಾಗಿ ಹೇಳಿದ.